ಸೊಂಟದಲ್ಲಿಟ್ಟ ಹೊಣೆ

ಹಳೆಯ ದಸ್ತಾವೇಜುಗಳನ್ನು ಗೆದ್ದಲಿನಿಂದ ಕಾಪಾಡುವ ಬಗೆಯನ್ನು ಹಿಂದಿನ ಸಂಚಿಕೆಯಲ್ಲಿ ಇದೇ ಅಂಕಣದಲ್ಲಿ ವಿವರಿಸಿದ್ದೆವು. ಅದನ್ನು ಓದಿದ ಮಂಜೇಶ್ವರದ ಕಡೆಯ ವಾಚಕರೊಬ್ಬರು ನಮಗೆ ಪತ್ರ ಬರೆದಿದ್ದಾರೆ. "ಕಾಗದಪತ್ರದ ವಿಷಯ ತಿಳಿಯಿತು. ನಮ್ಮಲ್ಲಿ ಸರಕಾರದ ಪರವಾನಗಿಯುಳ್ಳ ಚಿಕ್ಕ ರಿವಾಲ್ವರೊಂದಿದೆ. ವ್ಯಾಪಾರದ ನಿಮಿತ್ತ ದಿನವೂ ಸೊಂಟದಲ್ಲಿಟ್ಟುಕೊಂಡೇ ತಿರುಗುತ್ತೇನೆ. ಮಳೆಗಾಲ ಬಂತೆಂದರೆ ತುಕ್ಕಿನ ಚಿಂತೆ. ಅದನ್ನು ಕಾಪಾಡುವ ಕ್ರಮವನ್ನೂ ಬರೆಯುವಿರಾ?" ಎಂಬುದು ಅವರ ಪ್ರಶ್ನೆ.

ಸೀಮೆಸುಣ್ಣ ಹಿಡಿಯುವ ಕೈಗೂ ರಿವಾಲ್ವರಿಗೂ ಎಲ್ಲಿಯ ನಂಟು ಎಂದು ವಾಚಕರು ನಗಬಹುದು. 2022ರ ಆಟಿ ತಿಂಗಳಿನವರೆಗೆ ನಾವೂ ಹಾಗೆಯೇ ನಗುತ್ತಿದ್ದೆವು. ಆ ತಿಂಗಳಿನಲ್ಲಿ ನಡೆದುದನ್ನು ಮೊದಲು ಹೇಳಿ, ಅನಂತರ ಪ್ರಶ್ನೆಗೆ ಉತ್ತರ ಕೊಡುತ್ತೇವೆ.

ಬದಿಯಡ್ಕದ ಕಡೆ ನಮ್ಮ ದೊಡ್ಡಕ್ಕನ ಮನೆ. ಭಾವನವರು ಅಡಿಕೆ ವ್ಯಾಪಾರಿಗಳು. ಹಳ್ಳಿಯ ತೋಟಗಳಿಂದ ಅಡಿಕೆ ಕೊಂಡು ಮಂಗಳೂರಿಗೆ ಸಾಗಿಸುವುದು, ಅಲ್ಲಿಂದ ನಗದು ಹಣ ತಂದು ಬೆಳೆಗಾರರಿಗೆ ಹಂಚುವುದು ಅವರ ನಿತ್ಯದ ಕಾಯಕ. ಒಂದು ಸಂಜೆ ಗುಡ್ಡದ ದಾರಿಯಲ್ಲಿ ಯಾರೋ ಅಡ್ಡಗಟ್ಟಿ ಅವರ ಹಣದ ಚೀಲವನ್ನು ಕಸಿದುಕೊಂಡರು. ಆ ಬಳಿಕ, 2001ರಲ್ಲಿ, ಅವರು ಪರವಾನಗಿ ಪಡೆದು ಪಾಯಿಂಟ್ 32 ಅಳತೆಯ ರಿವಾಲ್ವರೊಂದನ್ನು ಕೊಂಡರು. ಇಪ್ಪತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಹೊರಗೆ ತೆಗೆಯಬೇಕಾದ ಪ್ರಸಂಗ ಬರಲಿಲ್ಲ. 2016ರ ನೋಟು ರದ್ದತಿಯ ಅನಂತರ ಅವರ ಲೇವಾದೇವಿಯೆಲ್ಲ ಬ್ಯಾಂಕಿನ ಮೂಲಕವೇ ನಡೆಯತೊಡಗಿತು. ಹಣದ ಚೀಲ ಹೋಯಿತು. ರಿವಾಲ್ವರು ಮಾತ್ರ ಸೊಂಟದಲ್ಲಿ ಉಳಿಯಿತು. ಅದಿಲ್ಲದೆ ಹೊರಟರೆ ಏನೋ ಮರೆತಂತಾಗುತ್ತದೆ ಎಂದು ಅವರೇ ಹೇಳುತ್ತಿದ್ದರು.

ಭಾವನವರು ಹೃದಯಾಘಾತದಿಂದ ತೀರಿಕೊಂಡ ಮರುದಿನ ಅಕ್ಕ ನಮ್ಮನ್ನು ಒಳಗೆ ಕರೆದು, "ಅವರ ಆ ವಸ್ತು ಕಪಾಟಿನಲ್ಲಿದೆ. ಅದನ್ನು ಏನು ಮಾಡುವುದೋ ನನಗೆ ತಿಳಿಯದು. ಮೊದಲು ಅದರದೊಂದು ದಾರಿ ನೋಡು" ಎಂದಳು. ಕಪಾಟಿನ ಕೀಲಿಕೈಗಾಗಿ ಅವಳು ಸೆರಗಿನ ಗಂಟು ಬಿಚ್ಚಿದಳು, ಪೆಟ್ಟಿಗೆ ತಡಕಿದಳು, ಸಿಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೊಮ್ಮಗ, ಐದನೆಯ ತರಗತಿಯ ಹುಡುಗ, ಗೋಡೆಯ ಪಂಚಾಂಗವನ್ನು ಮೆಲ್ಲನೆ ಎತ್ತಿ, ಅದರ ಹಿಂದಿನ ಮೊಳೆಯಿಂದ ಕೀಲಿಕೈಯನ್ನು ತೆಗೆದುಕೊಟ್ಟ. "ಅಜ್ಜನ ರಿವಾಲ್ವರು ಮೇಲಿನ ತಟ್ಟಿನಲ್ಲಿ, ಪಟ್ಟೆ ಪಂಚೆಯ ಅಡಿಯಲ್ಲಿದೆ" ಎಂದೂ ಹೇಳಿದ. ನಾವೂ ಅಕ್ಕನೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಮನೆಯ ಹಿರಿಯರಿಗೆ ಗೊತ್ತಿಲ್ಲದ್ದು ಆ ಮಗುವಿಗೆ ಗೊತ್ತಿತ್ತು.

ನೆರೆಮನೆಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಅವರನ್ನು ಕರೆಸಿದೆವು. ಅವರು ಬಂದವರೇ, "ಮಾಸ್ತರೇ, ಮೊದಲು ಹುಡುಗನನ್ನು ಹೊರಗೆ ಕಳುಹಿಸಿ" ಎಂದರು. ಬಳಿಕ ರಿವಾಲ್ವರಿನ ಮೂತಿಯನ್ನು ನೆಲದತ್ತ ಮಾಡಿ, ಬೆರಳನ್ನು ಟ್ರಿಗರಿನಿಂದ ದೂರವಿರಿಸಿ, ಅಂಗಳದ ಮೂಲೆಯಲ್ಲಿದ್ದ ಮರಳಿನ ರಾಶಿಯ ಬಳಿಗೆ ಒಯ್ದರು. ಅದನ್ನು ಬಿಚ್ಚುವಷ್ಟರಲ್ಲಿ ಅವರಿಗೆ ಬೆವರಿಳಿಯಿತು. ಒಳಗೆ ಆರು ತೋಟೆಗಳಿದ್ದವು. ಎರಡು ತಾವಾಗಿ ಜಾರಿದವು. ಉಳಿದ ನಾಲ್ಕು ಹಸಿರು ಕಿಲುಬು ಹಿಡಿದು ರಂಧ್ರಗಳಲ್ಲೇ ಅಂಟಿಕೊಂಡಿದ್ದವು. ತೋಟೆಗಳನ್ನು ತಿರುಗಿಸಬೇಕಾದ ಉರುಳೆ ತಿರುಗುತ್ತಿರಲಿಲ್ಲ. ಸುಬೇದಾರರು ಅದನ್ನು ಬಹಳ ಹೊತ್ತು ನೋಡಿ, "ಕಳ್ಳನೆದುರು ಇದು ಬರಿಯ ಕಬ್ಬಿಣದ ತುಂಡು. ಮಗುವಿನ ಕೈಯಲ್ಲಿ ಏನಾಗುತ್ತಿತ್ತೋ ಹೇಳಲಾರೆ" ಎಂದರು.

ಪತ್ರ ಬರೆದ ವಾಚಕರಿಗೆ ನಾವು ಹೇಳಬೇಕಾದ ಮುಖ್ಯ ಮಾತು ಇದೇ. ಆರೈಕೆಯಿಲ್ಲದ ರಿವಾಲ್ವರು ಇಟ್ಟುಕೊಂಡವನಿಗೆ ಆಪತ್ಕಾಲದಲ್ಲಿ ಒದಗುವುದೆಂಬ ಭರವಸೆಯಿಲ್ಲ. ಆದರೆ ಮನೆಯವರಿಗೆ ಅದರಿಂದ ಬರುವ ಅಪಾಯವೇನೂ ಕಡಮೆಯಾಗುವುದಿಲ್ಲ. ವಸ್ತು ಚಿಕ್ಕದಾದ ಮಾತ್ರಕ್ಕೆ ಹೊಣೆ ಚಿಕ್ಕದಾಗದು. ಹೇಗೆಂಬುದನ್ನು ಮುಂದೆ ವಿವರಿಸುತ್ತೇವೆ.

ರಿವಾಲ್ವರೆಂದರೆ ತಿರುಗುವ ಉರುಳೆಯುಳ್ಳ ಕೈಕೋವಿ. ಉರುಳೆಯಲ್ಲಿ ಐದೋ ಆರೋ ರಂಧ್ರಗಳು, ಒಂದೊಂದರಲ್ಲಿ ಒಂದೊಂದು ತೋಟೆ. ಟ್ರಿಗರನ್ನು ಒತ್ತುತ್ತಾ ಬಂದಂತೆ ಉರುಳೆ ಒಂದು ಮನೆ ತಿರುಗಿ ಹೊಸ ತೋಟೆಯನ್ನು ನಳಿಗೆಯ ನೇರಕ್ಕೆ ತರುತ್ತದೆ. ಹಿಂದಕ್ಕೆ ಬಾಗಿದ ಸುತ್ತಿಗೆ ಮುಂದೆ ಬಂದು ತೋಟೆಯ ಬುಡದ ಕೇಪಿಗೆ ಬಡಿಯುತ್ತದೆ. ಮದ್ದು ಹತ್ತಿ ಗುಂಡು ಹಾರುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಎಂಬಾತ 1836ರಲ್ಲಿ ಆ ದೇಶದಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಜೇಬಿನಲ್ಲಿ ಅಡಗುವಷ್ಟು ಚಿಕ್ಕ ಮಾದರಿಗಳು ಬಳಕೆಯಲ್ಲಿ ಹಬ್ಬಿದ್ದೂ ಅಲ್ಲಿಯೇ. ಕೋಲ್ಟ್ ಸಂಸ್ಥೆ 1927ರಲ್ಲಿ ಎರಡಂಗುಲ ನಳಿಗೆಯ, ಆರು ತೋಟೆಯ ಮಾದರಿಯನ್ನು ಪತ್ತೇದಾರರಿಗೆಂದು ಹೊರತಂದಿತು. ಸ್ಮಿತ್ ಅಂಡ್ ವೆಸನ್ ಸಂಸ್ಥೆ 1950ರಲ್ಲಿ ಅದಕ್ಕಿಂತಲೂ ಚಿಕ್ಕದಾದ ಐದು ತೋಟೆಯ ರಿವಾಲ್ವರನ್ನು ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ಪ್ರದರ್ಶಿಸಿತು. ಅದಕ್ಕೆ ಹೆಸರಿಟ್ಟವರೂ ಅವರೇ. ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರು ಪರವಾನಗಿಯ ಮೇಲೆ ಪಡೆಯುವುದು ಹೆಚ್ಚಾಗಿ ಕಾನ್ಪುರದಲ್ಲಿ ತಯಾರಾಗುವ ಪಾಯಿಂಟ್ 32 ರಿವಾಲ್ವರುಗಳನ್ನು. 2014ರಲ್ಲಿ ಮಹಿಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿಂದ ಬಂದ 'ನಿರ್ಭೀಕ್' ಸುಮಾರು 500 ಗ್ರಾಮು ತೂಗುತ್ತದೆ. ಆಗ ಅದರ ಬೆಲೆ 1,22,000 ರೂಪಾಯಿಗೂ ಮೀರಿತ್ತು. 2023ರಲ್ಲಿ ಬಂದ 'ಪ್ರಬಲ್' ಸುಮಾರು 700 ಗ್ರಾಮಿನದು.

ಅರ್ಧ ಕಿಲೋ ತೂಕ, ಅಂಗೈಯಷ್ಟು ಗಾತ್ರ. ಇದನ್ನು ಕಂಡು, ದೊಡ್ಡ ಕೋವಿಗಿಂತ ಇದು ಸುಲಭವೆಂದು ಜನ ಭಾವಿಸುತ್ತಾರೆ. ಸುಬೇದಾರರು ಹೇಳುವಂತೆ ನಿಜಸ್ಥಿತಿ ತದ್ವಿರುದ್ಧ. ತೂಕ ಕಡಮೆಯಾದಷ್ಟೂ ಗುಂಡು ಹಾರುವಾಗ ಕೈಗೆ ಬೀಳುವ ಹಿಮ್ಮೆಟ್ಟು ಹೆಚ್ಚು. ನಳಿಗೆ ಮೋಟಾದಷ್ಟೂ ಗುರಿ ಕಷ್ಟ. ಕೈ ಕೂದಲೆಳೆಯಷ್ಟು ಅಲುಗಿದರೂ ಗುಂಡು ಬಹಳ ದೂರ ತಪ್ಪುತ್ತದೆ. ಹಿಡಿ ಗಿಡ್ಡವಾದುದರಿಂದ ಕಿರುಬೆರಳಿಗೆ ಜಾಗವಿರುವುದಿಲ್ಲ. ಉರುಳೆಗೂ ನಳಿಗೆಗೂ ನಡುವಿನ ಸಣ್ಣ ಸಂದಿಯಿಂದ ಬೆಂಕಿಯ ಉರಿ ಪಕ್ಕಕ್ಕೆ ಚಿಮ್ಮುತ್ತದೆ; ಇನ್ನೊಂದು ಕೈಯ ಬೆರಳು ಅಲ್ಲಿದ್ದರೆ ಸುಟ್ಟುಹೋಗುತ್ತದೆ. ಅಭ್ಯಾಸವಿಲ್ಲದವನ ಕೈಯಲ್ಲಿ ಇದು ಹತ್ತು ಹೆಜ್ಜೆಯ ದೂರದಲ್ಲೂ ನಂಬುಗೆಯ ಸಾಧನವಲ್ಲ. ಭಾವನವರು ಇಪ್ಪತ್ತೊಂದು ವರ್ಷಗಳಲ್ಲಿ ಅದನ್ನು ಎಷ್ಟು ಸಲ ಹಾರಿಸಿ ನೋಡಿದ್ದರೆಂದು ಅಕ್ಕನನ್ನು ಕೇಳಿದೆವು. ಕೊಂಡ ದಿನ ಅಂಗಡಿಯವನು ತೋರಿಸಿಕೊಟ್ಟದ್ದಷ್ಟೇ ಎಂದು ಅವಳು ಉತ್ತರಿಸಿದಳು. 2016ರ ಆಯುಧ ನಿಯಮಗಳು ಹೊಸದಾಗಿ ಪರವಾನಗಿ ಬೇಡುವವರು ಸುರಕ್ಷತೆಯ ತರಬೇತಿ ಪಡೆದಿರಬೇಕೆಂದು ವಿಧಿಸಿವೆ. ಶಿಕ್ಷಕರ ತರಬೇತಿ ಪಡೆಯದೆ ಒಂದನೆಯ ತರಗತಿಗೂ ಪಾಠ ಹೇಳಲು ಬಿಡದ ಕಾಲ ಇದು. ಆಯುಧಕ್ಕೆ ತರಬೇತಿ ಬೇಕೆನ್ನುವುದರಲ್ಲಿ ಅತಿಯೇನೂ ಇಲ್ಲ.

ಇನ್ನು ಒಯ್ಯುವ ಕ್ರಮ. ಹೆಚ್ಚಿನ ರಿವಾಲ್ವರುಗಳಿಗೆ ಬೆರಳಿನಿಂದ ಹಾಕಿ ತೆಗೆಯುವ ಬೀಗದ ಗುಂಡಿ ಇರುವುದಿಲ್ಲ. ಟ್ರಿಗರಿನ ಬಿಗುವೇ ಅದರ ಬೀಗ. ಆದುದರಿಂದ ಟ್ರಿಗರನ್ನು ಪೂರ್ತಿ ಮುಚ್ಚುವ, ಆ ರಿವಾಲ್ವರಿನ ಅಳತೆಗೇ ಹೊಲಿದ ಗಟ್ಟಿ ಒರೆ ಇರಲೇಬೇಕು. ಭಾವನವರು ಮೊದಮೊದಲು ಒರೆಯಲ್ಲಿಟ್ಟುಕೊಳ್ಳುತ್ತಿದ್ದರು. ಒರೆ ಹರಿದ ಮೇಲೆ ಪಂಚೆಯ ಸೊಂಟದ ಮಡಿಕೆಯಲ್ಲಿ, ಎಲೆಯಡಿಕೆಯ ಚೀಲದ ಜತೆಗೆ ಸಿಕ್ಕಿಸಿಕೊಳ್ಳತೊಡಗಿದರು. ಸುಣ್ಣದ ಡಬ್ಬಿ, ಅಡಕತ್ತರಿ, ಕೀಲಿಗೊಂಚಲು, ರಿವಾಲ್ವರು ಎಲ್ಲವೂ ಒಂದೇ ಕಡೆ! ಅಡಕತ್ತರಿಯ ಹಿಡಿ ಟ್ರಿಗರಿನ ಬಳೆಯೊಳಗೆ ನುಸುಳಲು ಎಷ್ಟು ಹೊತ್ತು ಬೇಕು? ರಿವಾಲ್ವರಿರುವ ಜೇಬಿನಲ್ಲಿ ಬೇರೆ ಏನೂ, ಒಂದು ನಾಣ್ಯವೂ, ಇರಬಾರದೆಂಬುದು ಮೊದಲ ನಿಯಮ.

ಬಹು ಹಳೆಯ ಮಾದರಿಯ ರಿವಾಲ್ವರುಗಳಲ್ಲಿ ಸುತ್ತಿಗೆ ನೇರವಾಗಿ ತೋಟೆಯ ಕೇಪಿನ ಮೇಲೆಯೇ ಒರಗಿರುತ್ತದೆ. ಅಂಥದು ಕೈಜಾರಿ ನೆಲಕ್ಕೆ ಬಿದ್ದರೆ ಹಾರುವುದುಂಟು. ಸುತ್ತಿಗೆಯ ಕೆಳಗಿನ ಮನೆಯನ್ನು ಬರಿದಾಗಿಡುವುದು ಅಂಥ ರಿವಾಲ್ವರಿಗೆ ಹಿಂದಿನಿಂದ ಬಂದ ಎಚ್ಚರ. ಹೊಸ ಮಾದರಿಗಳಲ್ಲಿ ಇದಕ್ಕೆ ತಡೆಯೊಂದನ್ನು ಒಳಗೇ ಅಳವಡಿಸಿರುತ್ತಾರೆ. ತಮ್ಮಲ್ಲಿರುವುದು ಯಾವುದೆಂದು ಪರವಾನಗಿಯುಳ್ಳ ಕೋವಿ ಅಂಗಡಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು.

ಸಾರ್ವಜನಿಕ ಸ್ಥಳದಲ್ಲಿ ಕೈಕೋವಿಯನ್ನು ಒರೆಯಲ್ಲಿಯೋ ಚೀಲದಲ್ಲಿಯೋ ಪೂರ್ತಿ ಮುಚ್ಚಿ, ತನ್ನ ಹತೋಟಿ ತಪ್ಪದಂತೆ ಒಯ್ಯಬೇಕೆಂದು ಕಾನೂನೂ ಹೇಳುತ್ತದೆ. ಮದುವೆಯ ದಿಬ್ಬಣದಲ್ಲಿ, ಉತ್ಸವದಲ್ಲಿ ಸಂತೋಷಕ್ಕೆಂದು ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡೂ ಉಂಟು. ಕುಡಿದವನ ಸೊಂಟದಲ್ಲಿ ರಿವಾಲ್ವರು ಇರಲೇಬಾರದು. ಇನ್ನೊಂದು ಮಾತನ್ನು ನಮ್ಮ ವೃತ್ತಿಯ ದೆಸೆಯಿಂದ ಸೇರಿಸುತ್ತೇವೆ. ಒಮ್ಮೆ ಪೋಷಕರೊಬ್ಬರು ಶಾಲೆಯ ಸಭೆಗೆ ಬಂದಾಗ ಅಂಗಿಯ ಅಂಚು ಸರಿದು ಒಳಗಿನದು ಕಾಣಿಸಿತು. ನಾವು ಅವರನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿಟ್ಟು ಬನ್ನಿ, ಸಭೆ ಕಾಯುತ್ತದೆ ಎಂದೆವು. ಅವರು ಮರುಮಾತಾಡದೆ ಹೋಗಿಬಂದರು. ಮಕ್ಕಳಿರುವೆಡೆಗೆ ಅದನ್ನು ತರಬಾರದೆಂದು ಹೇಳಿದರೆ ಯಾವ ತಂದೆಯೂ ಸಿಟ್ಟಾಗಲಾರ.

ಈಗ ವಾಚಕರು ಕೇಳಿದ ಆರೈಕೆಯ ವಿಷಯ. ನಮ್ಮ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಕರಾವಳಿಯ ಗಾಳಿಯಲ್ಲಿ ಉಪ್ಪು, ಮೈಯ ಬೆವರಿನಲ್ಲಿಯೂ ಉಪ್ಪು. ಮೈಗೆ ಅಂಟಿಕೊಂಡೇ ಇರುವ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಇದಕ್ಕಿಂತ ಹೆಚ್ಚೇನು ಬೇಕು? ಅಂಗಿ ಪಂಚೆಗಳ ನೂಲಿನ ಎಳೆ, ದಾರಿಯ ಧೂಳು ಎಲ್ಲ ಸಂದಿಗಳನ್ನೂ ತುಂಬುತ್ತವೆ. ಹಾರಿಸದ ರಿವಾಲ್ವರಿಗೆ ಶುದ್ಧಿ ಏಕೆ ಎಂಬ ಭ್ರಮೆಯೇ ಭಾವನವರ ರಿವಾಲ್ವರನ್ನು ಕೆಡಿಸಿದ್ದು.

ಸುಬೇದಾರರು ತಿಳಿಸಿದ ಕ್ರಮ ಹೀಗಿದೆ. ಮೊದಲು ಮೂತಿಯನ್ನು ಜನರಿಲ್ಲದ ದಿಕ್ಕಿಗೆ, ಮಣ್ಣಿನ ಅಥವಾ ಮರಳಿನ ಕಡೆಗೆ ಹಿಡಿದು, ಬಿಚ್ಚಿ, ತೋಟೆಗಳನ್ನು ತೆಗೆದು ಎಣಿಸಬೇಕು. ಆರು ತುಂಬಿದ್ದರೆ ಆರೂ ಹೊರಗೆ ಬಂದಿರಬೇಕು. ಅವನ್ನು ಬೇರೆ ಕೋಣೆಯಲ್ಲಿಟ್ಟು ಬಂದು, ಉರುಳೆಯ ಒಂದೊಂದು ರಂಧ್ರವನ್ನೂ ಮತ್ತೆ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಖಾಲಿಯೆಂದು ತಿಳಿದು ಶುಚಿಗೊಳಿಸುತ್ತಿದ್ದಾಗ ಹಾರಿತು ಎಂಬ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದದವರಿಲ್ಲ. ಅವೆಲ್ಲ ಎಣಿಸದವರ ಕತೆಗಳು.

ಅನಂತರ ನಳಿಗೆಯನ್ನೂ ಪ್ರತಿಯೊಂದು ರಂಧ್ರವನ್ನೂ ತಕ್ಕ ಅಳತೆಯ ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯ ತುಂಡನ್ನು ಕಡ್ಡಿಯಿಂದ ತೂರಿಸಿ ಒರೆಸಬೇಕು. ನಳಿಗೆಯ ಬಾಯಿಯ ಅಂಚಿಗೆ ಕಡ್ಡಿ ತಗಲಿ ಸವೆದರೆ ಗುರಿ ಕೆಡುತ್ತದೆ. ಅಲ್ಲಿ ಜಾಗ್ರತೆ ಬೇಕು. ಉರುಳೆಯ ಹಿಂಬದಿಯಲ್ಲಿ, ಸುಟ್ಟ ತೋಟೆಗಳನ್ನು ಹೊರದೂಡಲು ನಕ್ಷತ್ರದಾಕಾರದ ತಗಡೊಂದಿರುತ್ತದೆ. ಅದರ ಅಡಿಯಲ್ಲಿ ಸಾಸಿವೆಯ ಕಾಳಿನಷ್ಟು ಕೊಳೆ ಸೇರಿದರೂ ಉರುಳೆ ಮುಚ್ಚಿಕೊಳ್ಳದು, ಮುಚ್ಚಿದರೂ ತಿರುಗದು. ಹಳೆಯ ಹಲ್ಲುಜ್ಜುವ ಬ್ರಷ್ಷು ಅಲ್ಲಿಗೆ ಸಾಕು. ಉರುಳೆಯನ್ನು ಸಿನೆಮಾದಲ್ಲಿ ತೋರಿಸುವಂತೆ ಮಣಿಕಟ್ಟನ್ನು ಝಾಡಿಸಿ ಮುಚ್ಚಬಾರದು. ಅದನ್ನು ಹಿಡಿದಿರುವ ತೋಳು ಸೊಟ್ಟಗಾಗುತ್ತದೆ. ಎರಡೂ ಕೈಗಳಿಂದ, ಪುಸ್ತಕ ಮುಚ್ಚುವ ಮೆತ್ತನೆಯಲ್ಲಿ, ಮುಚ್ಚಬೇಕು.

ಎಣ್ಣೆಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ ಬಗೆಯದು. ಭಾವನವರು ಅಪರೂಪಕ್ಕೆ ನೆನಪಾದಾಗ ಹಚ್ಚುತ್ತಿದ್ದದ್ದು ತೆಂಗಿನೆಣ್ಣೆ! ತಲೆಗೂ ಅಡಿಗೆಗೂ ಒದಗುವ ತೆಂಗಿನೆಣ್ಣೆ ಕೋವಿಗೆ ಒದಗದು. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಕಾಲಕ್ರಮದಲ್ಲಿ ಅಂಟಾಗಿ ಧೂಳನ್ನು ಹಿಡಿದಿಡುತ್ತದೆ. ಅವರ ರಿವಾಲ್ವರಿನ ಉರುಳೆ ಬಿಗಿದುಕೊಂಡದ್ದರಲ್ಲಿ ತುಕ್ಕಿನಷ್ಟೇ ಪಾಲು ಈ ಅಂಟಿನದೂ ಇತ್ತು. ಇನ್ನು ಕೆಲವರು ಸೀಮೆಎಣ್ಣೆಯಲ್ಲಿ ತೊಳೆದು ಹಾಗೆಯೇ ಇಡುತ್ತಾರೆ. ಅದು ಕೊಳೆಯೊಡನೆ ಇದ್ದ ಎಣ್ಣೆಯ ಪಸೆಯನ್ನೂ ತೆಗೆದುಬಿಡುತ್ತದೆ. ಬೋಳಾದ ಲೋಹಕ್ಕೆ ತುಕ್ಕು ಬೇಗ ಹತ್ತುತ್ತದೆ. ಕೋವಿಗೆಂದೇ ಮಾರುವ ಎಣ್ಣೆ ಉತ್ತಮ. ಅದು ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆಯಾದೀತು. ಅದೂ ತೊಟ್ಟುಗಳ ಲೆಕ್ಕದಲ್ಲಿ. ಬಟ್ಟೆಗೆ ಹಚ್ಚಿ ಒರೆಸಿದರೆ ಹೊರಮೈಗೆ ಸಾಕು. ಸುರಿದರೆ ಹೆಚ್ಚಿನ ಎಣ್ಣೆ ಹರಿದು ತೋಟೆಯ ಕೇಪಿನೊಳಗೆ ಇಳಿದು ಮದ್ದನ್ನು ಕೆಡಿಸುತ್ತದೆ. ತೋಟೆಗಳಿಗೆ ಎಣ್ಣೆ ಹಚ್ಚಲೇಬಾರದು.

ದಿನವೂ ಒಯ್ಯುವವರು ಮನೆಗೆ ಬಂದೊಡನೆ ಹೊರಮೈಯನ್ನು ಒಣಬಟ್ಟೆಯಿಂದ, ಬಳಿಕ ಎಣ್ಣೆಪಸೆಯ ಬಟ್ಟೆಯಿಂದ ಒರೆಸಬೇಕು. ವಾರಕ್ಕೊಮ್ಮೆ ಬಿಚ್ಚಿ ಧೂಳು ತೆಗೆಯಬೇಕು. ಹಾರಿಸಿ ಅಭ್ಯಾಸ ಮಾಡಿದ ದಿನ ಮರುದಿನಕ್ಕೆ ಉಳಿಸದೆ ಪೂರ್ತಿ ಶುಚಿಗೊಳಿಸಬೇಕು. ರಾತ್ರಿ ಚರ್ಮದ ಒರೆಯಲ್ಲಿ ಇಟ್ಟು ಮಲಗಬಾರದು. ಚರ್ಮ ತೇವವನ್ನು ಹೀರಿಟ್ಟುಕೊಳ್ಳುತ್ತದೆ, ಹದ ಮಾಡಿದ ದ್ರವ್ಯಗಳೂ ಅದರಲ್ಲಿ ಉಳಿದಿದ್ದು ಲೋಹವನ್ನು ತಿನ್ನುತ್ತವೆ. ಹಿತ್ತಾಳೆಯ ತೋಟೆಗಳಿಗೆ ಹಸಿರು ಕಿಲುಬು ಹತ್ತುವುದೂ ಹೀಗೆಯೇ. ಬೆವರಿನಲ್ಲಿ ಒಯ್ದ ತೋಟೆಗಳು ಹತ್ತಾರು ವರ್ಷ ಬಾಳುತ್ತವೆಂದು ನಂಬದೆ ಕಾಲಕಾಲಕ್ಕೆ ಬದಲಿಸಬೇಕು. ಒತ್ತಿದಾಗ ಹಾರದ ತೋಟೆಯಿದ್ದರೆ ಕೂಡಲೇ ಬಿಚ್ಚಬಾರದು. ಮದ್ದು ನಿಧಾನವಾಗಿ ಹತ್ತಿ ತಡವಾಗಿ ಹಾರುವುದುಂಟು. ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಕೆಟ್ಟ ತೋಟೆಗಳನ್ನು ಬಾವಿಗೆ ಎಸೆಯುವುದಾಗಲಿ ಬೆಂಕಿಗೆ ಹಾಕುವುದಾಗಲಿ ಕೂಡದು. ಠಾಣೆಗೋ ಪರವಾನಗಿಯುಳ್ಳ ಅಂಗಡಿಗೋ ಒಪ್ಪಿಸಬೇಕು. ಟ್ರಿಗರು ಬಿಗಿಯೆಂದು ಊರ ಕಮ್ಮಾರನಿಂದ ಸಡಿಲು ಮಾಡಿಸುವವರಿದ್ದಾರೆ. ಆ ಬಿಗುವೇ ಬೀಗವೆಂದು ಹಿಂದೆ ಹೇಳಿದೆವು, ಬೀಗವನ್ನು ಮುರಿಸಿಕೊಳ್ಳಬಾರದು. ಪರವಾನಗಿಯಿಲ್ಲದವನಿಂದ ರಿಪೇರಿ ಮಾಡಿಸುವುದು ಕಾನೂನಿಗೂ ವಿರುದ್ಧ.

ಇನ್ನು ನಮ್ಮಂಥ ಗಡಿಯವರಿಗೇ ವಿಶೇಷವಾಗಿ ತಗಲುವ ಮಾತು. ಭಾವನವರ ಪರವಾನಗಿಯ ಪುಸ್ತಕವನ್ನು ಅಂದು ಸುಬೇದಾರರು ಪುಟಪುಟವಾಗಿ ತಿರುವಿ ಓದಿದರು. ಅದು ಸಲ್ಲುವ ಪ್ರದೇಶವೆಂದು ಬರೆದಿದ್ದುದು ಕೇರಳ ರಾಜ್ಯವೆಂದು ಮಾತ್ರ. ಭಾವನವರು ವಾರಕ್ಕೆ ಎರಡು ಸಲ ಮಂಗಳೂರಿಗೆ ಹೋಗುತ್ತಿದ್ದರು. ತಲಪಾಡಿಯನ್ನು ದಾಟಿದೊಡನೆ ಅವರ ಸೊಂಟದಲ್ಲಿದ್ದುದು ಪರವಾನಗಿಯಿಲ್ಲದ ಆಯುಧವಾಗುತ್ತಿತ್ತು! ಕಾಯಿದೆಗೆ ಹೆದರಿ ಒಂದು ದಿನವೂ ತೆರಿಗೆ ತಪ್ಪಿಸದ ಮನುಷ್ಯ, ಅರಿಯದೆಯೇ ಇಪ್ಪತ್ತೊಂದು ವರ್ಷ ಸೆರೆಮನೆಯ ಬಾಗಿಲಲ್ಲಿ ನಡೆದಾಡಿದ್ದರು.

ನಮಗೆ ಗಡಿಯೆಂಬುದು ಬಸ್ಸಿನ ಒಂದು ನಿಲ್ದಾಣ. ನೆಂಟರು ಆಚೆ, ಆಸ್ಪತ್ರೆ ಆಚೆ, ಸಂತೆ ಆಚೆ. ಹೊಸೂರಿನವರು ಬೆಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ಜತ್ತಿನವರು ವಿಜಯಪುರಕ್ಕೆ, ಅಕ್ಕಲಕೋಟೆಯವರು ಕಲಬುರಗಿಗೆ, ಆದೋನಿಯವರು ಬಳ್ಳಾರಿಗೆ ಹೋಗುವಾಗ ತಾವು ಬೇರೆ ರಾಜ್ಯಕ್ಕೆ ಹೋಗುತ್ತಿದ್ದೇವೆಂದು ಯಾರೂ ಎಣಿಸುವುದಿಲ್ಲ. ಆದರೆ ಪರವಾನಗಿ ಎಣಿಸುತ್ತದೆ. ಆದುದರಿಂದ ಆಯುಧವುಳ್ಳವರು ಇಂದೇ ತಮ್ಮ ಪುಸ್ತಕವನ್ನು ತೆರೆದು ಪ್ರದೇಶದ ಅಂಕಣವನ್ನು ಓದಬೇಕು. ನೆರೆಯ ರಾಜ್ಯಕ್ಕೆ ಒಯ್ಯಲೇಬೇಕಾದ ಕಾರಣವಿದ್ದರೆ ಪರವಾನಗಿ ಕೊಟ್ಟ ಅಧಿಕಾರಿಗೆ ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆಯಬೇಕು. ಅದು ದೊರೆಯುವವರೆಗೆ, ಗಡಿ ದಾಟುವ ದಿನ ಮನೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ಹೋಗುವುದೇ ಲೇಸು.

ಇದೇ ಸಂದರ್ಭದಲ್ಲಿ ಇನ್ನೆರಡು ಸಂಗತಿಗಳು. 2019ರ ತಿದ್ದುಪಡಿಯಂತೆ ಒಬ್ಬರ ಹೆಸರಿನಲ್ಲಿ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಕೋವಿಗಳಿರಬಾರದು. ಮೊದಲು ಮೂರಕ್ಕೆ ಅವಕಾಶವಿತ್ತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಅವಧಿ ನೀಳವಾದಷ್ಟೂ ನವೀಕರಣದ ದಿನ ಮರೆಯುವುದು ಸುಲಭ. ಚುನಾವಣೆಯ ಕಾಲದಲ್ಲಿ ಆಯುಧವನ್ನು ಠಾಣೆಗೆ ಒಪ್ಪಿಸಲು ಆದೇಶ ಬಂದರೆ, ಶುಚಿಗೊಳಿಸಿ ಎಣ್ಣೆ ಒರೆಸಿ ಒಪ್ಪಿಸಿ ರಶೀದಿ ಪಡೆಯಬೇಕು; ಮರಳಿ ಪಡೆದ ದಿನವೂ ಮೊದಲು ಬಿಚ್ಚಿ ನೋಡಬೇಕು.

ಕೊನೆಗೆ ಮನೆಯ ಮಾತು. ರಿವಾಲ್ವರು ಒಂದು ಪೆಟ್ಟಿಗೆಯಲ್ಲಿ, ತೋಟೆಗಳು ಇನ್ನೊಂದರಲ್ಲಿ, ಎರಡಕ್ಕೂ ಬೇರೆ ಬೇರೆ ಬೀಗ, ಕೀಲಿಕೈ ಪರವಾನಗಿದಾರನ ಮೈಮೇಲೆ. ಎತ್ತರದ ತಟ್ಟು, ಬಟ್ಟೆಯ ಅಡಿ, ಪಂಚಾಂಗದ ಹಿಂಬದಿ ಇವಾವುವೂ ಬೀಗವಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ನಡುವೆ ಕಳೆದ ಅನುಭವದಿಂದ ಹೇಳುತ್ತೇವೆ: ನಾವು ಅಡಗಿಸಿಟ್ಟದ್ದನ್ನು ಮಕ್ಕಳು ಕಂಡಿರುತ್ತಾರೆ, ಕಂಡದ್ದನ್ನು ಹೇಳಿರುವುದಿಲ್ಲ. ಅಂದು ಸಂಜೆ ಆ ಹುಡುಗನನ್ನು ಬಳಿಯಲ್ಲಿ ಕೂರಿಸಿಕೊಂಡು, "ಎಂದಾದರೂ ಅದನ್ನು ಮುಟ್ಟಿದ್ದೆಯಾ?" ಎಂದು ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ಒಂದೇ ಸಲ, ಅಜ್ಜ ಮಲಗಿದ್ದಾಗ. ಒತ್ತಿ ನೋಡಿದೆ, ಗಟ್ಟಿ ಇತ್ತು" ಎಂದ. ಅಕ್ಕ ಅಲ್ಲಿಯೇ ಕುಸಿದು ಕುಳಿತಳು. ಭಾವನವರ ಅಲಕ್ಷ್ಯದಿಂದ ಹಿಡಿದ ಅಂಟೂ ತುಕ್ಕೂ ಅಂದು ಮಗುವನ್ನು ಉಳಿಸಿದ್ದವು. ಇಂಥ ಅದೃಷ್ಟವನ್ನು ನಂಬಿ ಯಾರೂ ಮನೆ ನಡೆಸಲಾಗದು.

ಮಕ್ಕಳಷ್ಟೇ ಅಲ್ಲ. ರಿವಾಲ್ವರು ದಿನಬಳಕೆಯ ವಸ್ತುವೇ ಆಗಿರುವ ಅಮೆರಿಕದಲ್ಲಿ ನಮ್ಮ ಅನೇಕ ವಾಚಕರ ಮಕ್ಕಳು ನೆಲೆಸಿದ್ದಾರೆ. ಆತ್ಮರಕ್ಷಣೆಗಾಗಿ ಕೈಕೋವಿಯನ್ನು ಮನೆಯ ಹೊರಗೆ ಒಯ್ಯುವುದು ಪ್ರಜೆಯ ಹಕ್ಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2022ರ ಜೂನಿನಲ್ಲಿ ತೀರ್ಪಿತ್ತಿತು. ಅದೇ ದೇಶದಲ್ಲಿ ಕೋವಿಯಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹ��ಚ್ಚು ಮಂದಿ ಪರರಿಂದ ಹತರಾದವರಲ್ಲ, ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡವರು. ಸಾಲವೋ ಕಾಯಿಲೆಯೋ ಮನಸ್ತಾಪವೋ ಮನೆಯಲ್ಲಿ ಒಬ್ಬರ ಮನಸ್ಸನ್ನು ಕುಗ್ಗಿಸಿರುವಾಗ ಆಯುಧವನ್ನು ಠಾಣೆಯಲ್ಲಿಯೋ ಪರವಾನಗಿಯುಳ್ಳ ಅಂಗಡಿಯಲ್ಲಿಯೋ ಒಪ್ಪಿಸಿ ಇಡುವುದರಲ್ಲಿ ಅವಮಾನವಿಲ್ಲ. ಕೆಟ್ಟ ಗಳಿಗೆ ಕಳೆದುಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಪರವಾನಗಿದಾರನು ಕಾಲವಾದರೆ ಆಯುಧವನ್ನು ಅನಾವಶ್ಯಕ ತಡಮಾಡದೆ ಒಪ್ಪಿಸಬೇಕೆಂದು 1959ರ ಆಯುಧ ಕಾಯಿದೆ ಹೇಳುತ್ತದೆ. ವಾರಸುದಾರರು ಬೇಕೆಂದರೆ ತಮ್ಮ ಹೆಸರಿಗೆ ಪರವಾನಗಿ ಕೋರಬಹುದು, ಇಲ್ಲವೆ ಪರವಾನಗಿಯುಳ್ಳವರಿಗೆ ಮಾರಬಹುದು. ನಾವು ಠಾಣೆಗೆ ಮೊದಲೇ ದೂರವಾಣಿಯಲ್ಲಿ ತಿಳಿಸಿ, ರಿವಾಲ್ವರನ್ನೂ ತೋಟೆಗಳನ್ನೂ ಬೇರೆ ಬೇರೆ ಕಟ್ಟಿ ಒಯ್ದು ಒಪ್ಪಿಸಿ ರಶೀದಿ ಪಡೆದೆವು. ಅಳಿಯ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಮಾತೆತ್ತಿದ. ಅಕ್ಕ ಬೇಡವೆಂದಳು. "ಇದು ನಮ್ಮನ್ನು ಕಾಯುತ್ತದೆಂದು ಅವರು ತಂದರು. ಅವರು ಇದನ್ನು ನೋಡಿಕೊಳ್ಳಲಿಲ್ಲ, ನಮಗೆ ನೋಡಿಕೊಳ್ಳಲು ಹೇಳಿಕೊಡಲೂ ಇಲ್ಲ. ಇನ್ನು ಸಾಕು" ಎಂಬುದು ಅವಳ ಮಾತು. ಆ ರಶೀದಿ ಈಗಲೂ ಅವಳ ದಸ್ತಾವೇಜುಗಳ ನಡುವೆ, ಗೆದ್ದಲು ಮುಟ್ಟದ ಪೆಟ್ಟಿಗೆಯಲ್ಲಿದೆ.

ಪತ್ರ ಬರೆದ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೆ. ತಾವು ಕೇಳಿದ ತುಕ್ಕಿನ ಮದ್ದು ಮೇಲೆ ಹೇಳಿದಂತೆ ಸುಲಭವಾದುದು. ದಿನಕ್ಕೆ ಐದು ನಿಮಿಷ, ಎರಡು ತುಂಡು ಬಟ್ಟೆ, ನಾಲ್ಕು ತೊಟ್ಟು ಎಣ್ಣೆ. ಆ ಐದು ನಿಮಿಷದ ವ್ಯವಧಾನ ದಿನವೂ ತಮಗಿದೆಯೇ, ತಾವು ಇದನ್ನು ಕೊಳ್ಳುವಾಗ ಇದ್ದ ಭಯದ ಕಾರಣ ಇಂದಿಗೂ ಇದೆಯೇ, ತಮ್ಮ ಕೀಲಿಕೈ ಎಲ್ಲಿದೆಯೆಂದು ಮನೆಯಲ್ಲಿ ಯಾರಿಗೆ ಗೊತ್ತು, ಈ ಮೂರು ಪ್ರಶ್ನೆಗಳಿಗೆ ತಾವೇ ಉತ್ತರ ಬರೆದುಕೊಳ್ಳಬೇಕು. ಮೊದಲೆರಡಕ್ಕೆ ಹೌದೆಂದೂ, ಮೂರನೆಯದಕ್ಕೆ ಯಾರಿಗೂ ಗೊತ್ತಿಲ್ಲವೆಂದೂ ಉತ್ತರ ಬಂದರೆ ರಿವಾಲ್ವರು ತಮ್ಮ ಬಳಿ ಇರಲಿ. ಇಲ್ಲವಾದರೆ ಅದಕ್ಕೊಂದು ರಶೀದಿ ಪಡೆಯುವುದು ಮೇಲು.